'ಕ್ವಿಟ್' ಅನ್ನೋ ಪದದ ಹಿಂದೆ ಒಂದು ಸಾಲದ ಲೆಕ್ಕ ಇದೆ

"ಜಾಬ್ ಕ್ವಿಟ್ ಮಾಡ್ಬಿಟ್ಟೆ ಮಗಾ" ಅನ್ನೋ ಮಾತು ಈಗ ಬೆಂಗಳೂರಲ್ಲಿ "ಊಟ ಆಯ್ತಾ" ಅನ್ನೋಷ್ಟೇ ಸಲೀಸು. ಸಿಗರೇಟ್ ಕ್ವಿಟ್, ಜಿಮ್ ಕ್ವಿಟ್, ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ಕ್ವಿಟ್ (ಆಮೇಲೆ ದೊಡ್ಡಮ್ಮ ಫೋನ್ ಮಾಡಿ ಯಾಕಪ್ಪಾ ಕೋಪಾನಾ ಅಂತ ಕೇಳೋದು ಬೇರೆ), ಎಲ್ಲದಕ್ಕೂ ಇದೊಂದೇ ಪದ. 2022ರಲ್ಲಿ 'ಕ್ವೈಯಟ್ ಕ್ವಿಟಿಂಗ್' ಅಂತ ಟಿಕ್‌ಟಾಕ್‌ನಲ್ಲಿ ಒಂದು ಟ್ರೆಂಡ್ ಎದ್ದಾಗ, ನಮ್ಮಲ್ಲಿ ಟಿಕ್‌ಟಾಕ್ 2020ರಲ್ಲೇ ಬ್ಯಾನ್ ಆಗಿದ್ರೂ ಆ ಪದ ಮಾತ್ರ ಲಿಂಕ್ಡ್‌ಇನ್ ದಾರಿ ಹಿಡ್ಕೊಂಡು ಬಂದು ನಮ್ಮ ಆಫೀಸುಗಳ ಕ್ಯಾಂಟೀನ್ ತಲುಪೇ ಬಿಡ್ತು.

ಇಷ್ಟೊಂದು ಬಳಸ್ತೀವಿ, ಆದ್ರೆ ಈ ನಾಲ್ಕಕ್ಷರದ ಪದ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದ್ರೆ ಮಜಾ ಇದೆ. ಇದು ಹುಟ್ಟಿದಾಗ ಇದಕ್ಕೆ ಬಿಟ್ಟು ಹೋಗೋ ಅರ್ಥಾನೇ ಇರಲಿಲ್ಲ. ಮೊದಲು ನೆಮ್ಮದಿ, ಆಮೇಲೆ ಸಾಲ ತೀರಿಸೋದು, ಆಮೇಲೆ ಕೋರ್ಟಲ್ಲಿ ಖುಲಾಸೆ, ಇದೆಲ್ಲಾ ಸುತ್ತಾಡ್ಕೊಂಡು ಕೊನೆಗೆ ಬಂದಿದ್ದು ನಾವು ಹೇಳೋ "ಬಿಟ್ಬಿಟ್ಟೆ". ಒಂದೊಂದಾಗಿ ನೋಡೋಣ.

ಈಗ ಕ್ವಿಟ್ ಅಂದ್ರೆ ಏನು

ಇವತ್ತಿನ ಇಂಗ್ಲಿಷ್‌ನಲ್ಲಿ ಕ್ವಿಟ್‌ಗೆ ಮುಖ್ಯವಾಗಿ ಎರಡು ಕೆಲಸ. ಒಂದು, ಜಾಗವನ್ನೋ ಹುದ್ದೆಯನ್ನೋ ಬಿಡೋದು: ಕೆಲಸ, ಕಾಲೇಜು, ಮನೆ, ದೇಶ. ಇನ್ನೊಂದು, ಮಾಡ್ತಾ ಇದ್ದದ್ದನ್ನ ನಿಲ್ಲಿಸೋದು: ಕುಡಿಯೋದು, ಸೇದೋದು, ಗೊಣಗೋದು. ಎರಡರಲ್ಲೂ ಒಂದು ಅಂಶ ಕಾಮನ್ ಆಗಿ ಇರುತ್ತೆ, ಬಿಡೋನು ತಾನಾಗೇ ಬಿಡಬೇಕು. ಕಂಪನಿಯವರು ತೆಗೆದು ಹಾಕಿದ್ರೆ ಅದು ಕ್ವಿಟ್ ಅಲ್ಲ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರತಿ ತಿಂಗಳು ಕೆಲಸ ಬಿಟ್ಟವರ ಲೆಕ್ಕ ಕೊಡೋವಾಗ ಈ ವ್ಯತ್ಯಾಸಾನ ಚೆನ್ನಾಗಿ ಕಾಪಾಡುತ್ತೆ. ತಾವಾಗೇ ಬಿಟ್ಟವರು 'ಕ್ವಿಟ್ಸ್' ಅನ್ನೋ ಸಾಲಿಗೆ, ತೆಗೆದು ಹಾಕಿಸಿಕೊಂಡವರು ಇನ್ನೊಂದು ಸಾಲಿಗೆ, ರಿಟೈರ್ ಆದವರು ಮೂರನೇ ಸಾಲಿಗೆ ಹೋಗ್ತಾರೆ. ಕೋವಿಡ್ ನಂತರ 2021ರ ನವೆಂಬರ್ ಒಂದೇ ತಿಂಗಳಲ್ಲಿ ಅಲ್ಲಿ ಸುಮಾರು 45 ಲಕ್ಷ ಜನ ಆ ಮೊದಲನೇ ಸಾಲಿಗೆ ಸೇರಿದ್ರು, 'ಗ್ರೇಟ್ ರೆಸಿಗ್ನೇಷನ್' ಅಂತ ಪೇಪರುಗಳಲ್ಲಿ ಬಂದಿದ್ದು ಅದೇ ಟೈಮಲ್ಲಿ.

ಇದರ ಅಕ್ಕಪಕ್ಕದ ಪದಗಳಿಗೂ ಇದಕ್ಕೂ ಸಣ್ಣ ಸಣ್ಣ ವ್ಯತ್ಯಾಸ ಇದೆ. ರಿಸೈನ್ ಅಂದ್ರೆ ಫಾರ್ಮಲ್, ಅದಕ್ಕೆ ಲೆಟರ್ ಬೇಕು, ನೋಟಿಸ್ ಪೀರಿಯಡ್ ಬೇಕು. ಕ್ವಿಟ್ ಅಂದ್ರೆ ಬಾಯ್ಮಾತಿನ ಪದ, ಮ್ಯಾನೇಜರ್ ಮುಂದೆ ಐಡಿ ಕಾರ್ಡ್ ಇಟ್ಟು ಎದ್ದು ಬಂದ್ರೂ ಕ್ವಿಟ್ಟೇ. ಎಕ್ಸಿಟ್ ಅಂದ್ರೆ ಬರೀ ಹೊರಗೆ ಹೋಗೋದು, ಅದರಲ್ಲಿ ಬಿಡೋ ಮಾತಿಲ್ಲ. ಗಿವ್ ಅಪ್ ಅಂದ್ರೆ ಕೈಚೆಲ್ಲೋದು. ಬ್ರಿಟಿಷರು ಕೆಲಸದ ವಿಷಯದಲ್ಲಿ ಲೀವ್ ಅಂತಾನೂ ಸಿಗರೇಟ್ ವಿಷಯದಲ್ಲಿ ಗಿವ್ ಅಪ್ ಅಂತಾನೂ ಹೆಚ್ಚು ಹೇಳ್ತಾರೆ, ಎರಡಕ್ಕೂ ಕ್ವಿಟ್ ಅನ್ನೋದು ಅಮೆರಿಕದವರಿಗೆ ಜಾಸ್ತಿ ರೂಢಿ. ನಮಗೆ ಸಿನಿಮಾ, ಸಾಫ್ಟ್‌ವೇರ್ ಎರಡೂ ಆ ಕಡೆಯಿಂದಲೇ ಬಂದಿದ್ರಿಂದ ನಮ್ಮ ಬಾಯಲ್ಲೂ ಅದೇ ಕೂತುಬಿಟ್ಟಿದೆ.

ಬೇರು: ನೆಮ್ಮದಿಯಿಂದ ಶುರು

ಲ್ಯಾಟಿನ್ ಭಾಷೇಲಿ 'ಕ್ವಿಯೇಸ್' ಅಂತ ಒಂದು ಪದ, ಅರ್ಥ ವಿಶ್ರಾಂತಿ, ನೆಮ್ಮದಿ. ಅದರಿಂದ 'ಕ್ವಿಯೇಟಸ್', ಅಂದ್ರೆ ನೆಮ್ಮದಿಯಾಗಿರೋನು, ಯಾವ ತಂಟೆ ತಕರಾರೂ ಇಲ್ಲದೋನು. ಇಂಗ್ಲಿಷ್‌ನ ಕ್ವೈಯಟ್, ಅಂದ್ರೆ ನಿಶ್ಶಬ್ದ, ಸೀದಾ ಇದರಿಂದ ಬಂದಿದ್ದು, ಅದು ಯಾರಿಗಾದ್ರೂ ಗೊತ್ತಾಗೋ ಹಾಗಿದೆ. ಆದ್ರೆ ಕ್ವಿಟ್ ಕೂಡಾ ಇದೇ ಪದದ ಮಗು.

ನಿಶ್ಶಬ್ದಕ್ಕೂ ಕೆಲಸ ಬಿಡೋದಕ್ಕೂ ಏನಪ್ಪಾ ಸಂಬಂಧ ಅಂದ್ರೆ, ಮಧ್ಯದಲ್ಲಿ ಸಾಲ ಬರುತ್ತೆ. ನಮ್ಮ ಏರಿಯಾ ಕಿರಾಣಿ ಅಂಗಡಿಯ ಉದ್ರಿ ಬುಕ್ ನೆನಪು ಮಾಡ್ಕೊಳ್ಳಿ. ಬಾಕಿ ಇರೋ ತನಕ ಆ ಅಂಗಡಿ ಮುಂದೆ ಹೋಗೋದಕ್ಕೇ ಮುಜುಗರ, ಇನ್ನೊಂದು ರಸ್ತೆ ಹಿಡಿದು ಮನೆ ಸೇರೋದು. ಸಂಬಳ ಬಂದ ದಿನ ಪೂರ್ತಿ ಕೊಟ್ಟು, ಅಂಗಡಿಯವನು ನಮ್ಮ ಹೆಸರಿನ ಕೆಳಗೆ ಅಡ್ಡಗೆರೆ ಎಳೆದು "ಚುಕ್ತಾ" ಅಂದ್ರೆ, ಅವತ್ತಿಂದ ನೆಮ್ಮದಿ. ಅವನೂ ಕೇಳಲ್ಲ, ನಾವೂ ತಲೆ ತಪ್ಪಿಸಿಕೊಳ್ಳಲ್ಲ. ಆ 'ಚುಕ್ತಾ ಆಗಿ ನೆಮ್ಮದಿಯಾಗಿರೋ ಸ್ಥಿತಿ' ಇದೆಯಲ್ಲ, ಮಧ್ಯಯುಗದ ಯುರೋಪಿನ ಲೆಕ್ಕದ ಗುಮಾಸ್ತರು ಅದಕ್ಕೆ ಬಳಸಿದ ಪದ ಕ್ವಿಯೇಟಸ್. ಸಾಲ ಇಲ್ಲ, ಬಾಕಿ ಇಲ್ಲ, ಯಾರಿಗೂ ಏನೂ ಕೊಡಬೇಕಾಗಿಲ್ಲ, ಹಾಗಾಗಿ ಮುಕ್ತ.

ಇದೇ ಪದ ಹಳೇ ಫ್ರೆಂಚ್‌ಗೆ ಬಂದಾಗ ಸವೆದು 'ಕ್ವಿಟ್' ಆಯ್ತು, ಅರ್ಥ ಋಣಮುಕ್ತ, ಬಿಡುಗಡೆ ಆದೋನು. ಅದರಿಂದ 'ಕ್ವಿಟೆ' ಅನ್ನೋ ಕ್ರಿಯಾಪದ, ಅಂದ್ರೆ ಋಣದಿಂದ ಬಿಡಿಸು, ಹಕ್ಕು ಬಿಟ್ಟುಕೊಡು.

ಇಂಗ್ಲೆಂಡಿಗೆ ಹೋಗಿದ್ದು ಹೇಗೆ

1066ರಲ್ಲಿ ಫ್ರೆಂಚ್ ಮಾತಾಡೋ ನಾರ್ಮನ್ನರು ಇಂಗ್ಲೆಂಡ್ ಗೆದ್ರು. ಅಲ್ಲಿಂದ ಮುಂದೆ ಶತಮಾನಗಳ ಕಾಲ ಆಳೋರ ಭಾಷೆ, ಕೋರ್ಟ್ ಭಾಷೆ ಫ್ರೆಂಚ್, ದಾಖಲೆ ಬರೆಯೋ ಭಾಷೆ ಲ್ಯಾಟಿನ್, ಹೊಲದಲ್ಲಿ ಇರೋರ ಭಾಷೆ ಇಂಗ್ಲಿಷ್. ಕಾನೂನಿಗೆ ಸಂಬಂಧಪಟ್ಟ ಎಷ್ಟೋ ಇಂಗ್ಲಿಷ್ ಪದ ಫ್ರೆಂಚ್ ಮೂಲದ್ದಾಗಿರೋದು ಇದಕ್ಕೇನೇ. ಕ್ವಿಟ್ ಕೂಡಾ ಆ ದೋಣೀಲೇ ಬಂದಿದ್ದು.

ಆ ಕಾಲದ ಒಂದು ದೃಶ್ಯ ಹತ್ತಿರದಿಂದ ನೋಡೋ ಹಾಗಿದೆ. ರಾಜನ ಖಜಾನೆ ಇಲಾಖೆಗೆ ಎಕ್ಸ್‌ಚೆಕರ್ ಅಂತ ಹೆಸರು ಬಂದಿದ್ದು ಅಲ್ಲಿನ ಮೇಜಿನ ಮೇಲೆ ಹಾಸ್ತಿದ್ದ ಚೌಕುಳಿ ಬಟ್ಟೆಯಿಂದ. ಜಿಲ್ಲೆ ಜಿಲ್ಲೆಯ ಶೆರಿಫ್‌ಗಳು ವರ್ಷಕ್ಕೆ ಎರಡು ಸಲ ಅಲ್ಲಿಗೆ ಬರಬೇಕು, ವಸೂಲಿ ಮಾಡಿದ ಹಣದ ಲೆಕ್ಕ ಒಪ್ಪಿಸಬೇಕು. ಆ ಚೌಕುಳಿ ಮೇಲೆ ಬಿಲ್ಲೆ ಇಟ್ಟು, ಸರಿಸಿ, ಕೂಡಿ ಕಳೆದು ನೋಡ್ತಿದ್ರು. ಗುಮಾಸ್ತ ಎಲ್ಲಾ ಚರ್ಮದ ಹಾಳೆ ಮೇಲೆ ಬರ್ಕೊಳ್ತಾನೆ, ಹಾಗೆ ಬರೆದ ಲೆಕ್ಕದ ಸುರುಳಿಗಳಲ್ಲಿ ಉಳಿದಿರೋ ಅತಿ ಹಳೇದು 1130ರದ್ದು. ಲೆಕ್ಕ ಸರಿಹೋಯ್ತು, ಪೈಸೆ ಬಾಕಿ ಇಲ್ಲ ಅಂದ್ರೆ ಆ ಬಾಬ್ತಿನ ಕೊನೇಲಿ ಲ್ಯಾಟಿನ್‌ನಲ್ಲಿ 'ಎಟ್ ಕ್ವಿಯೇಟಸ್ ಎಸ್ಟ್' ಅಂತ ಬರೀತಿದ್ರು. "ಇವನ ಲೆಕ್ಕ ಚುಕ್ತಾ" ಅಂತ ಅರ್ಥ. ಅದು ಬೀಳೋ ತನಕ ಶೆರಿಫ್‌ಗೆ ಹೊಟ್ಟೇಲಿ ಭಯ ಇದ್ದೇ ಇರುತ್ತೆ, ಯಾಕಂದ್ರೆ ಬಾಕಿ ಅವನ ತಲೆ ಮೇಲೇ.

ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲೇ ಕ್ವಿಟ್ ಕಾಣಿಸಿಕೊಳ್ಳುತ್ತೆ, ಮೊದಲ ಅರ್ಥ ಸಾಲ ತೀರಿಸು. ಅಲ್ಲಿಂದ ಅದು ಎಷ್ಟು ಕಡೆ ಕವಲೊಡೀತು ಅಂದ್ರೆ, ಬಹುಮಾನ ಕೊಡು, ಸೇಡು ತೀರಿಸು, ತಿರುಗಿ ಉತ್ತರ ಕೊಡು, ಇದೆಲ್ಲಕ್ಕೂ ಅದೇ ಪದ. ನೋಡಿ, ಎಲ್ಲದರಲ್ಲೂ 'ತೀರಿಸೋದು' ಇದೆ. ಕನ್ನಡದಲ್ಲೂ ಸಾಲ ತೀರಿಸ್ತೀವಿ, ಸೇಡು ತೀರಿಸ್ತೀವಿ, ಋಣಾನೂ ತೀರಿಸ್ತೀವಿ, ಹಾಗಾಗಿ ನಮಗೆ ಇದೇನು ವಿಚಿತ್ರ ಅನ್ನಿಸೋದಿಲ್ಲ.

ಕೋರ್ಟಲ್ಲಿ ಖುಲಾಸೆ, ಸಬ್ ರಿಜಿಸ್ಟ್ರಾರ್ ಆಫೀಸಲ್ಲೂ ಖುಲಾಸೆ

ಸಾಲದಿಂದ ಬಿಡುಗಡೆ ಆಗೋ ಹಾಗೆ ಆರೋಪದಿಂದಲೂ ಬಿಡುಗಡೆ ಆಗಬಹುದಲ್ಲ. ಇಂಗ್ಲಿಷ್‌ನ ಅಕ್ವಿಟ್ ಹುಟ್ಟಿದ್ದು ಹೀಗೆ. ಆರೋಪಿ ಮೇಲೆ ಕಾನೂನಿಗೆ ಒಂದು 'ಬಾಕಿ' ಇತ್ತು, ತೀರ್ಪು ಬಂತು, ಬಾಕಿ ಇಲ್ಲ ಅಂತ ಆಯ್ತು, ಅವನು ಅಕ್ವಿಟ್ ಆದ.

ಜಮೀನಿಗೆ ಬಂದ್ರೆ ಕ್ವಿಟ್‌ಕ್ಲೇಮ್. ಒಂದು ಆಸ್ತಿ ಮೇಲೆ ನನಗೇನಾದ್ರೂ ಹಕ್ಕು ಇದ್ದಿದ್ರೆ ಅದನ್ನ ಬಿಟ್ಟಿದ್ದೀನಿ, ಮುಂದೆ ಕೇಳೋದಿಲ್ಲ ಅಂತ ಬರೆದುಕೊಡೋ ಪತ್ರ. ಅಮೆರಿಕದಲ್ಲಿ ಈಗಲೂ ಅದೇ ಹೆಸರಲ್ಲಿ ಚಾಲ್ತಿಯಲ್ಲಿದೆ.

ನಮ್ಮಲ್ಲಿ ಇದರ ಹತ್ತಿರದ ಸಂಬಂಧಿ ರಿಲೀಸ್ ಡೀಡ್. ಪಿತ್ರಾರ್ಜಿತ ಆಸ್ತಿ ಅಣ್ಣನ ಹೆಸರಿಗೆ ಆಗಬೇಕು, ತಂಗಿಯರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೆಬ್ಬೆಟ್ಟೊತ್ತಿ, ಫೋಟೋಗೆ ಮುಖ ಕೊಟ್ಟು, "ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ" ಅನ್ನೋ ಧಾಟಿಯ ಪತ್ರಕ್ಕೆ ಸೈನ್ ಹಾಕ್ತಾರೆ. ಆ ಪತ್ರದ ಕನ್ನಡ ಹೆಸರು ಏನು ಗೊತ್ತಲ್ಲ, ಹಕ್ಕು ಖುಲಾಸೆ ಪತ್ರ. ಕೊಲೆ ಕೇಸಲ್ಲಿ ಆರೋಪಿ ಬಿಡುಗಡೆ ಆದ್ರೆ ಪೇಪರಲ್ಲಿ ಏನು ಬರುತ್ತೆ? ಅದೂ ಖುಲಾಸೆ! ಇಂಗ್ಲಿಷ್‌ನಲ್ಲಿ ಅಕ್ವಿಟ್ ಬೇರೆ, ಕ್ವಿಟ್‌ಕ್ಲೇಮ್ ಬೇರೆ ಅಂತ ಎರಡಾಗಿದ್ದನ್ನ ಕನ್ನಡ ಒಂದೇ ಪದದಲ್ಲಿ ಹಿಡಿದಿಟ್ಕೊಂಡಿದೆ.

ಖುಲಾಸೆ ನಮಗೆ ಬಂದಿದ್ದು ಅರೇಬಿಕ್‌ನಿಂದ ಪರ್ಶಿಯನ್ ಆಡಳಿತದ ಮೂಲಕ. "ದುಡ್ಡೆಲ್ಲಾ ಖಲಾಸ್" ಅಂತೀವಲ್ಲ, ಆ ಖಲಾಸ್ ಕೂಡಾ ಅದೇ ಮೂಲದ್ದು, ಮುಗೀತು, ತೀರಿತು, ಬಿಡುಗಡೆ ಆಯ್ತು ಅಂತ. ಕ್ವಿಟ್‌ನ ಹಳೇ ಅರ್ಥಕ್ಕೆ ಕನ್ನಡದಲ್ಲಿ ಒಂದೇ ಪದ ಹೇಳು ಅಂದ್ರೆ ನಾನು 'ಬಿಡು' ಅನ್ನಲ್ಲ, ಖುಲಾಸೆ ಅಂತೀನಿ.

ಕ್ವಿಟ್ ರೆಂಟ್ ಮತ್ತು ನಮ್ಮ ಜೋಡಿ ಗ್ರಾಮಗಳು

ಇನ್ನೊಂದು ಹಳೇ ಪದ ಕ್ವಿಟ್ ರೆಂಟ್. ಹೆಸರು ಕೇಳಿದ್ರೆ ಮನೆ ಖಾಲಿ ಮಾಡೋವಾಗ ಕೊಡೋ ಬಾಡಿಗೆ ಅನ್ನಿಸುತ್ತೆ, ಅಲ್ಲ. ಆಗಿನ ಇಂಗ್ಲೆಂಡಲ್ಲಿ ಜಮೀನ್ದಾರನ ಭೂಮಿ ಇಟ್ಕೊಂಡ ರೈತ ಅವನ ಹೊಲ ಉಳಬೇಕು, ಸುಗ್ಗೀಲಿ ಬಿಟ್ಟಿ ದುಡೀಬೇಕು, ಗಾಡಿ ಹೊಡೀಬೇಕು. ಇದೆಲ್ಲದರ ಬದಲು ವರ್ಷಕ್ಕೆ ಇಷ್ಟು ಅಂತ ಒಂದು ಸಣ್ಣ ನಿಗದಿತ ಮೊತ್ತ ಕಟ್ಟಿದ್ರೆ ಬಾಕಿ ಎಲ್ಲಾ ಸೇವೆಗಳಿಂದ ಅವನು 'ಕ್ವಿಟ್', ಅಂದ್ರೆ ಮುಕ್ತ. ಆ ಮೊತ್ತಕ್ಕೇ ಕ್ವಿಟ್ ರೆಂಟ್ ಅಂದ್ರು.

ಬ್ರಿಟಿಷರು ಇಲ್ಲಿಗೆ ಬಂದು ಕಂದಾಯದ ಲೆಕ್ಕ ಬರೆಯೋಕೆ ಕೂತಾಗ, ಮೈಸೂರು ಸೀಮೆಯಲ್ಲೂ ಮದ್ರಾಸ್ ಕಡೆಯಲ್ಲೂ ಇನಾಂ ಜಮೀನುಗಳ (ಅಂದ್ರೆ ದಾನವಾಗಿ ಕೊಟ್ಟ ಜಮೀನುಗಳ) ಮೇಲೆ ಇಂಥದ್ದೇ ಒಂದು ಹಗುರ ಕಂದಾಯ ಇರೋದು ಕಣ್ಣಿಗೆ ಬಿತ್ತು. ಕಂದಾಯ ಒಂಚೂರೂ ಇಲ್ಲದ್ದು ಸರ್ವಮಾನ್ಯ. ಪೂರ್ತಿಯೂ ಅಲ್ಲ ಸೊನ್ನೆಯೂ ಅಲ್ಲ, ಸ್ವಲ್ಪ ಕಟ್ಟೋದು ಜೋಡಿ. ಈ ಜೋಡಿಯನ್ನ ಅವರು ಇಂಗ್ಲಿಷ್ ದಾಖಲೆಗಳಲ್ಲಿ ಕ್ವಿಟ್ ರೆಂಟ್ ಅಂತಲೇ ಬರ್ಕೊಂಡ್ರು. ಅಂಥ ಊರು ಜೋಡಿ ಗ್ರಾಮ, ಅದರ ಒಡೆಯ ಜೋಡಿದಾರ. ಹಳೇ ಮೈಸೂರು ಕಡೆ ಕೆಲವು ಊರ ಹೆಸರಿನ ಹಿಂದೆ ಇನ್ನೂ 'ಜೋಡಿ' ಅಂತ ಸೇರಿಕೊಂಡಿರೋದನ್ನ ಪಹಣಿಯಲ್ಲೋ ಬಸ್ ಬೋರ್ಡಲ್ಲೋ ನೋಡಿರ್ತೀರಿ, ಅವಳಿ ಊರು ಇರಬೇಕು ಅಂದ್ಕೊಂಡು ಸುಮ್ಮನಾಗಿರ್ತೀರಿ. 1954ರಲ್ಲಿ ಮೈಸೂರು ರಾಜ್ಯ ವೈಯಕ್ತಿಕ ಮತ್ತು ಸಂಕೀರ್ಣ ಇನಾಂಗಳನ್ನ ರದ್ದು ಮಾಡೋ ಕಾಯ್ದೆ ತಂದ ಮೇಲೆ ಜೋಡಿದಾರರ ಕಾಲ ಮುಗೀತಾ ಬಂತು, ಆದ್ರೆ ಊರ ಹೆಸರಲ್ಲಿ ಕಂದಾಯದ ಗುರುತು ಹಾಗೇ ಉಳ್ಕೊಂಡಿದೆ.

ಹಾಗಾದ್ರೆ 'ಬಿಟ್ಟು ಹೋಗು' ಯಾವಾಗ ಬಂತು

ಇದೇ ಇಡೀ ಕಥೆಯ ತಿರುವು, ಮತ್ತೆ ಇದು ಒಂದೇ ದಿನ ಆಗಿದ್ದಲ್ಲ. ಕ್ವಿಟ್ ಅಂದ್ರೆ 'ಬಿಡುಗಡೆ ಮಾಡು' ಅಂತ ಇದ್ದಾಗ, ಯಾರನ್ನ ಬಿಡುಗಡೆ ಮಾಡ್ತೀವಿ ಅನ್ನೋದರ ಮೇಲೆ ಅರ್ಥ ಸರೀತಾ ಹೋಯ್ತು. ಸಾಲಗಾರನನ್ನ ಬಿಡು, ಆರೋಪಿಯನ್ನ ಬಿಡು, ಸರಿ. ಆಸ್ತಿಯ ಮೇಲಿನ ಹಕ್ಕನ್ನ ಬಿಡು, ಅದೂ ಸರಿ. ಹಕ್ಕು ಬಿಟ್ಟ ಮೇಲೆ ಆ ಜಮೀನಲ್ಲಿ ಕೂತಿರೋಕೆ ಆಗುತ್ತಾ? ಎದ್ದು ಹೋಗಬೇಕು. ಹೀಗೆ ಹಕ್ಕು ಬಿಡೋದು ಜಾಗ ಬಿಡೋದಾಯ್ತು. 1400ರ ಆಸುಪಾಸಿಗೆ ಕ್ವಿಟ್ ಅಂದ್ರೆ ಒಂದು ಸ್ಥಳದಿಂದ ಹೊರಟು ಹೋಗು ಅನ್ನೋ ಬಳಕೆ ಸಿಗುತ್ತೆ. ಇನ್ನೂ ಇನ್ನೂರು ವರ್ಷಕ್ಕೂ ಮೇಲೆ, 1640ರ ದಶಕದಲ್ಲಿ, ಮಾಡ್ತಿರೋದನ್ನ ನಿಲ್ಲಿಸು ಅನ್ನೋ ಅರ್ಥ ಬರುತ್ತೆ. ಅಂದ್ರೆ ನಮ್ಮ "ಸಿಗರೇಟ್ ಕ್ವಿಟ್" ಈ ಪದದ ಸಂಸಾರದಲ್ಲಿ ಕೊನೇ ಮಗ.

ಕನ್ನಡದಲ್ಲಿ ಈ ಪ್ರಯಾಣ ತಿರುಗಾಮುರುಗಾ ಆಗಿದೆ. ನಮ್ಮಲ್ಲಿ 'ಬಿಡು' ಮೊದಲು, ಅದರಿಂದ ಬಿಡುಗಡೆ, ಅದರಿಂದಲೇ ಬಿಡುವು. "ಇವತ್ತು ಸ್ವಲ್ಪ ಬಿಡುವಾಗಿದೀನಿ" ಅಂದ್ರೆ ವಿಶ್ರಾಂತಿ. ಲ್ಯಾಟಿನ್ ವಿಶ್ರಾಂತಿಯಿಂದ ಹೊರಟು ಬಿಡೋದಕ್ಕೆ ಬಂತು, ಕನ್ನಡ ಬಿಡೋದರಿಂದ ಹೊರಟು ವಿಶ್ರಾಂತಿಗೆ ಬಂತು. ಎರಡು ಭಾಷೆಗೂ ನೆಂಟಸ್ತಿಕೆ ಇಲ್ಲ, ಕನ್ನಡ ದ್ರಾವಿಡ, ಲ್ಯಾಟಿನ್ ಇಂಡೋ ಯುರೋಪಿಯನ್. ಆದ್ರೂ ಮನುಷ್ಯರಿಗೆ ಹೊಳೆಯೋದು ಒಂದೇ ಥರ.

ಕ್ವಿಟ್ ಇಂಡಿಯಾ

ನಮ್ಮಲ್ಲಿ ಇಂಗ್ಲಿಷ್ ಬರದೇ ಇರೋರಿಗೂ ಈ ಪದ ಪರಿಚಯ ಆಗಿದ್ದು ಶಾಲೆ ಇತಿಹಾಸದ ಪಾಠದಿಂದ. 1942ರ ಆಗಸ್ಟ್ 8ರಂದು ಬಾಂಬೆಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕಾಂಗ್ರೆಸ್ ನಿರ್ಣಯ ಪಾಸು ಮಾಡ್ತು, ಗಾಂಧೀಜಿ "ಮಾಡು ಇಲ್ಲವೇ ಮಡಿ" ಅಂದ್ರು, ಮಾರನೇ ದಿನ ಬೆಳಗಾಗೋದರೊಳಗೆ ನಾಯಕರೆಲ್ಲಾ ಅರೆಸ್ಟ್. 'ಕ್ವಿಟ್ ಇಂಡಿಯಾ' ಅನ್ನೋ ಘೋಷಣೆ ಕೊಟ್ಟವರು ಯೂಸುಫ್ ಮೆಹರಲಿ ಅಂತ ಹೇಳ್ತಾರೆ. ಕನ್ನಡದಲ್ಲಿ ಅದು 'ಭಾರತ ಬಿಟ್ಟು ತೊಲಗಿ' ಆಯ್ತು, 'ಚಲೇಜಾವ್ ಚಳವಳಿ' ಅಂತಾನೂ ಆಯ್ತು.

'ಕ್ವಿಟ್ ಇಂಡಿಯಾ' ಅನ್ನೋ ಎರಡು ಪದದ ಖಾರ ಗೊತ್ತಾಗಬೇಕಾದ್ರೆ ಬಾಡಿಗೆ ಕಾನೂನು ನೋಡಬೇಕು. ಬ್ರಿಟಿಷರೇ ಇಲ್ಲಿ ತಂದ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಬಾಡಿಗೆದಾರನಿಗೆ ಮನೆ ಖಾಲಿ ಮಾಡು ಅಂತ ಕೊಡೋ ನೋಟಿಸ್‌ಗೆ ಬಳಸಿರೋ ಪದಗಳಲ್ಲಿ ಕ್ವಿಟ್ ಒಂದು. ವಕೀಲರು ಇವತ್ತಿಗೂ "ಕ್ವಿಟ್ ನೋಟಿಸ್ ಕಳ್ಸಿ" ಅಂತಾರೆ. ಬೇರೆ ಕರಾರು ಇಲ್ಲದಿದ್ರೆ ಆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್, ಕೃಷಿಗೋ ಕಾರ್ಖಾನೆಗೋ ಕೊಟ್ಟಿದ್ರೆ 6 ತಿಂಗಳು. ಅಂಥ ಕಾನೂನು ಬರೆದವರ ಕಿವಿಗೆ "ಕ್ವಿಟ್ ಇಂಡಿಯಾ" ಅನ್ನೋದು ಮನೆ ಓನರ್ ಬಾಡಿಗೆದಾರನಿಗೆ ಕೊಟ್ಟ ನೋಟಿಸ್ ಥರಾನೇ ಕೇಳಿಸಿರುತ್ತೆ ಅಂತ ನನಗನ್ನಿಸುತ್ತೆ. ಗೋ ಅವೇ, ಗೆಟ್ ಔಟ್ ಅಂದಿದ್ರೆ ಬರೀ ಬೈಗುಳ ಆಗಿರೋದು, ಕ್ವಿಟ್‌ನಲ್ಲಿ ಜಾಗ ಯಾರದ್ದು ಅನ್ನೋ ಮಾತೂ ಸೇರಿಕೊಂಡಿದೆ.

ನಮ್ಮ ಶಿಕಾರಿಪುರ ತಾಲೂಕಿನ ಈಸೂರು ಆ ವರ್ಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಊರಿಗೆ ಊರೇ ಸ್ವತಂತ್ರ ಅಂತ ಘೋಷಿಸಿಕೊಂಡಿತು. ಈಸೂರು ಬ್ರಿಟಿಷರ ನೇರ ಆಡಳಿತದಲ್ಲಿರಲಿಲ್ಲ, ಮೈಸೂರು ಸಂಸ್ಥಾನದಲ್ಲಿತ್ತು. ಹಾಗಿದ್ರೂ "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ ನಿಂತ ಊರಿನ ಐದು ಜನರನ್ನ 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದ್ರು.

ನೆಂಟರಿಷ್ಟರು: ಕ್ವೈಟ್, ರಿಪ್, ಶಾದಿ

ವಾಟ್ಸಾಪ್‌ನಲ್ಲಿ "ಪ್ಲೀಸ್ ಕೀಪ್ ಕ್ವೈಟ್" ಅಂತ ಬರೆದು ಇಂಗ್ಲಿಷ್ ಮೇಷ್ಟ್ರ ಕೈಲಿ ಬೈಸಿಕೊಳ್ಳೋರು ಬೇಕಾದಷ್ಟು ಜನ. ಕ್ವಿಟ್, ಕ್ವೈಟ್, ಕ್ವೈಯಟ್ ಮೂರೂ ಗೊಂದಲ ಮಾಡೋದಕ್ಕೆ ಕಾರಣ ಇದೆ, ಮೂರೂ ಒಂದೇ ತಾಯಿ ಮಕ್ಕಳು. ಕ್ವೈಟ್ ಅಂದ್ರೆ ಪೂರ್ತಿಯಾಗಿ. ಸಾಲ ಪೂರ್ತಿ ತೀರಿದ್ರೆ ತಾನೇ ಕ್ವಿಟ್ ಆಗೋದು, ಆ 'ಪೂರ್ತಿ' ಅನ್ನೋ ಭಾಗ ಮಾತ್ರ ಬೇರೆಯಾಗಿ ಕ್ವೈಟ್ ಆಯ್ತು. ಆಮೇಲೆ ಅದೂ ಸವೆದು "ಕ್ವೈಟ್ ಗುಡ್" ಅಂದ್ರೆ ಪರವಾಗಿಲ್ಲ ಅನ್ನೋ ಮಟ್ಟಕ್ಕೆ ಇಳಿದಿದೆ.

ಒನ್ ಸೈಡ್ ಲವ್‌ಗೆ ಇಂಗ್ಲಿಷ್‌ನಲ್ಲಿ ಅನ್‌ರಿಕ್ವೈಟೆಡ್ ಲವ್ ಅಂತಾರಲ್ಲ, ಅದರೊಳಗೂ ಇದೇ ಪದ ಕೂತಿದೆ. ರಿಕ್ವೈಟ್ ಅಂದ್ರೆ ಕೊಟ್ಟಿದ್ದಕ್ಕೆ ತಿರುಗಿ ಕೊಡೋದು, ಹಾಗಾಗಿ ಅನ್‌ರಿಕ್ವೈಟೆಡ್ ಅಂದ್ರೆ ಈ ಕಡೆಯಿಂದ ಹೋಯ್ತು, ಆ ಕಡೆಯಿಂದ ವಾಪಸ್ ಬರಲೇ ಇಲ್ಲ. ಉದ್ರಿ ಬುಕ್ಕಲ್ಲಿ ಹಾಗೇ ಉಳಿದ ಬಾಕಿ, ಪಾಪ.

ಯಾರಾದ್ರೂ ತೀರಿಕೊಂಡಾಗ ರಿಪ್ ಅಂತ ಮೂರಕ್ಷರ ಹಾಕ್ತೀವಿ. ಅದು ರೆಸ್ಟ್ ಇನ್ ಪೀಸ್ ಅಂತ ಗೊತ್ತಿದೆ, ಆದ್ರೆ ಇಂಗ್ಲಿಷ್‌ಗಿಂತ ಮೊದಲು ಅದು ಲ್ಯಾಟಿನ್: 'ರೆಕ್ವಿಯೆಸ್ಕಟ್ ಇನ್ ಪಾಕೆ'. ಆ ಮೊದಲ ಪದದ ನಡುವೆ ಇರೋ 'ಕ್ವಿಯೆ' ನಮ್ಮ ಕ್ವಿಟ್‌ನ ಅಜ್ಜನೇ.

ಸಾಲ ತೀರಿದ್ದಕ್ಕೆ ಗುರುತು ಬೇಕಲ್ಲ, ರಸೀದಿ. ಜರ್ಮನ್ ಭಾಷೇಲಿ ರಸೀದಿಗೆ ಕ್ವಿಟುಂಗ್, ಸ್ವೀಡನ್‌ನಲ್ಲಿ ಕ್ವಿಟ್ಟೊ. ಡಚ್ಚರು ಇಂಡೋನೇಷ್ಯಾ ಆಳಿದ್ರಲ್ಲ, ಅಲ್ಲೂ ರಸೀದಿಗೆ ಕುಯಿತಾನ್ಸಿ ಅಂತ ಬಿಟ್ಟು ಹೋದ್ರು. ನಮ್ಮ ಹುಡುಗರು ಜರ್ಮನಿಗೆ ಓದೋಕೆ ಹೋಗಿ ಸೂಪರ್ ಮಾರ್ಕೆಟ್ ಬಿಲ್ ಮೇಲೆ ಕ್ವಿಟುಂಗ್ ಅಂತ ನೋಡಿದ್ರೆ ಏನು ಬಿಡೋಕೆ ಹೇಳ್ತಿದ್ದಾರೆ ಅಂತ ಗಾಬರಿ ಆಗಬೇಕಿಲ್ಲ, ಹಣ ಸಂದಾಯ ಆಗಿದೆ ಅಂತ ಅಷ್ಟೇ.

ಇನ್ನು ಇದೆಲ್ಲಕ್ಕಿಂತ ದೂರದ, ಆದ್ರೆ ನನಗೆ ಬಹಳ ಇಷ್ಟ ಆದ ನೆಂಟ ಒಬ್ಬ ಇದ್ದಾನೆ. ಲ್ಯಾಟಿನ್, ಪರ್ಶಿಯನ್, ಸಂಸ್ಕೃತ, ಇಂಗ್ಲಿಷ್ ಇವೆಲ್ಲಾ ಒಂದು ಕಾಲದಲ್ಲಿ ಒಂದೇ ಭಾಷೆಯಿಂದ ಕವಲೊಡೆದವು ಅಂತ ಭಾಷಾಶಾಸ್ತ್ರದೋರು ಹೇಳ್ತಾರೆ. ಆ ಮೂಲ ಭಾಷೇಲಿ ವಿಶ್ರಾಂತಿ ಅನ್ನೋ ಅರ್ಥದ ಒಂದು ಧಾತು ಇತ್ತು. ಅದು ಲ್ಯಾಟಿನ್ ಕಡೆ ಹೋಗಿ ಕ್ವಿಯೇಸ್ ಆಯ್ತು. ಇರಾನ್ ಕಡೆ ಹೋಗಿ ನೆಮ್ಮದಿ, ಸಂತೋಷ ಅನ್ನೋ ಅರ್ಥ ಪಡೀತು. ಸುಮಾರು 2500 ವರ್ಷ ಹಿಂದಿನ ದೊರೆ ಡೇರಿಯಸ್‌ನ ಶಾಸನಗಳಲ್ಲಿ ದೇವರು ಮನುಷ್ಯನಿಗೆ 'ಶಿಯಾತಿ' ಕೊಟ್ಟ ಅಂತ ಬರುತ್ತೆ, ಶಿಯಾತಿ ಅಂದ್ರೆ ಸುಖ. ಅದೇ ಬೇರಿನಿಂದ ಪರ್ಶಿಯನ್‌ನಲ್ಲಿ 'ಶಾದ್', ಅಂದ್ರೆ ಖುಷಿ, ಅದರಿಂದ 'ಶಾದಿ', ಅಂದ್ರೆ ಖುಷಿಯ ಸಂದರ್ಭ, ನಮ್ಮ ಕಡೆ ಬರೋವಾಗ ಮದುವೆ. ನಮ್ಮೂರುಗಳ ಶಾದಿ ಮಹಲ್‌ನಲ್ಲಿರೋ ಶಾದಿ, 2013ರಲ್ಲಿ ಬಂದ ಬಿದಾಯಿ ಯೋಜನೆಗೆ ಜನ ಕರೆದ 'ಶಾದಿ ಭಾಗ್ಯ'ದ ಶಾದಿ, ಇದೇ. ಮದುವೆ ಆಗೋದು, ಬಿಟ್ಟು ಹೋಗೋದು, ಎರಡರ ಪದಗಳಿಗೂ ಅಜ್ಜಿ ಒಬ್ಬಳೇ. ಇದರ ಮೇಲೆ ಜೋಕ್ ನೀವೇ ಮಾಡ್ಕೊಳ್ಳಿ.

ಕ್ವಿಟರ್ ಅನ್ನೋ ಬೈಗುಳ

ಇಷ್ಟು ಮರ್ಯಾದಸ್ಥ ಪದಕ್ಕೆ ಕೆಟ್ಟ ಹೆಸರು ಅಂಟಿಕೊಂಡಿದ್ದು ತೀರಾ ಈಚೆಗೆ. ಅರ್ಧಕ್ಕೆ ಕೈಬಿಡೋನು, ಪುಕ್ಕಲ ಅನ್ನೋ ಅರ್ಥದಲ್ಲಿ ಕ್ವಿಟರ್ ಅಂತ ಬೈಯೋದು 1880ರ ದಶಕದ ಅಮೆರಿಕದಲ್ಲಿ ಶುರುವಾಗಿದ್ದು. ಅದಕ್ಕೂ ಏಳು ಶತಮಾನ ಮೊದಲಿನ ಇಂಗ್ಲಿಷ್ ಕೇಳುಗನಿಗೆ ಕ್ವಿಟ್ ಆದೋನು ಅಂದ್ರೆ ಎಲ್ಲರ ಬಾಕಿ ಕೊಟ್ಟು ತಲೆ ಎತ್ಕೊಂಡು ನಿಂತೋನು.

ಕ್ವೈಯಟ್ ಕ್ವಿಟಿಂಗ್ ಈಗ ಇನ್ನೊಂದು ರೀತಿ ಕಾಣುತ್ತೆ ನೋಡಿ. ಅದರ ಅರ್ಥ ಕೆಲಸ ಬಿಡೋದಲ್ಲ. ಸಂಬಳ ಎಷ್ಟಕ್ಕೋ ಅಷ್ಟೇ ಕೆಲಸ, ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚು, ಶನಿವಾರದ ಮೆಸೇಜಿಗೆ ಸೋಮವಾರ ಉತ್ತರ. ಮ್ಯಾನೇಜರುಗಳಿಗೆ ಇದು ಸೋಮಾರಿತನ, ಮಾಡೋರಿಗೆ ಇದು ಒಪ್ಪಂದದ ಪ್ರಕಾರ ನಡ್ಕೊಳ್ಳೋದು, ಆ ಜಗಳ ಇನ್ನೂ ನಡೀತಿದೆ. ಪದದ ಮಟ್ಟಿಗೆ ಹೇಳೋದಾದ್ರೆ, ಕೊಡಬೇಕಾದ್ದು ಕೊಟ್ಟು ಅದಕ್ಕಿಂತ ಹೆಚ್ಚಿನ ಋಣ ಇಟ್ಕೊಳ್ಳದೇ ಇರೋದು 1200ರ ಅರ್ಥಕ್ಕೆ ಹತ್ತಿರ ಇದೆ, ಮತ್ತೆ ಅದರ ಎರಡೂ ಪದ ಒಂದೇ ಲ್ಯಾಟಿನ್ ಪದದಿಂದ ಬಂದಿದ್ದು. ಆ ಹೆಸರಿಟ್ಟವರು ಇದನ್ನ ಯೋಚನೆ ಮಾಡಿ ಇಟ್ಟಿರ್ತಾರೆ ಅಂತ ನನಗನ್ನಿಸಲ್ಲ, ಪ್ರಾಸ ಚೆನ್ನಾಗಿತ್ತು, ಇಟ್ರು.

ಕೆಲಸ ಬಿಡೋವಾಗಿನ ಕಾಗದಗಳು

ಕಂಪನಿ ಬಿಡೋವಾಗ ಏನೇನು ನಡೆಯುತ್ತೆ? ಲ್ಯಾಪ್‌ಟಾಪ್ ವಾಪಸ್, ಐಡಿ ಕಾರ್ಡ್ ವಾಪಸ್, ಐಟಿಯವರ ಸೈನ್, ಅಡ್ಮಿನ್ ಸೈನ್, ಫೈನಾನ್ಸ್ ಸೈನ್, ಎಲ್ಲಾ ಆದ ಮೇಲೆ ನೋ ಡ್ಯೂ ಸರ್ಟಿಫಿಕೇಟ್. ಆಮೇಲೆ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್. ಕೊನೇಲಿ ರಿಲೀವಿಂಗ್ ಲೆಟರ್. ಬಾಕಿ ಇಲ್ಲ, ಲೆಕ್ಕ ಮುಗೀತು, ನೀನಿನ್ನು ಮುಕ್ತ. ಅಂದ್ರೆ ಎಚ್‌ಆರ್ ಡಿಪಾರ್ಟ್‌ಮೆಂಟ್ ಮೂರು ಕಾಗದದಲ್ಲಿ ಬರೆಯೋದನ್ನ ಆ ಖಜಾನೆ ಗುಮಾಸ್ತ 'ಕ್ವಿಯೇಟಸ್ ಎಸ್ಟ್' ಅಂತ ಎರಡು ಪದದಲ್ಲಿ ಮುಗಿಸ್ತಿದ್ದ. ಅಂದಹಾಗೆ 2019ರ ವೇತನ ಸಂಹಿತೆ ಕೆಲಸ ಬಿಟ್ಟವರ ಬಾಕಿ ಸಂಬಳಾನ ಎರಡು ಕೆಲಸದ ದಿನದೊಳಗೆ ಕೊಡಬೇಕು ಅನ್ನುತ್ತೆ. ಸೆಟಲ್‌ಮೆಂಟ್‌ಗೆ ಕಾದು ಕಾದು ಸುಸ್ತಾದೋರು ಇದನ್ನ ಎರಡು ಸಲ ಓದ್ಕೊಳ್ತಾರೆ.

ರಾಜೀನಾಮೆ ಅನ್ನೋ ಪದಾನೂ ಇದೇ ದಾರಿ. ಪರ್ಶಿಯನ್‌ನಲ್ಲಿ ರಾಜಿ ಅಂದ್ರೆ ಒಪ್ಪಿಗೆ, ನಾಮೆ ಅಂದ್ರೆ ಪತ್ರ. ಕೇಸು ರಾಜಿ ಆಯ್ತು ಅಂತ ಬರೆದುಕೊಡೋದು ರಾಜೀನಾಮೆ. ಮುಂಬಯಿ ಪ್ರಾಂತ್ಯದ ಕಂದಾಯ ಪದ್ಧತೀಲಿ ರೈತ ತನ್ನ ಜಮೀನು ಬಿಟ್ಟುಕೊಡೋ ಪತ್ರಾನೂ ರಾಜೀನಾಮೆ, ಅದನ್ನ ವಹಿಸಿಕೊಳ್ಳೋನು ಬರೆಯೋದು ಕಬೂಲಾಯತಿ. ಇವತ್ತು ಮಂತ್ರಿಗಳು ಕೊಡೋದು, ನಾವು ಇಮೇಲ್‌ನಲ್ಲಿ ಕಳ್ಸೋದು ಅದೇ ಪದ. ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಕೆಲಸ ಬಿಡೋ ಪದ ಬಂದಿರೋದು ಜಮೀನು ಮತ್ತು ಲೆಕ್ಕದ ಪುಸ್ತಕದಿಂದ.

ಬಳಸೋವಾಗ

ಇಂಗ್ಲಿಷ್‌ನಲ್ಲಿ ಬರೆಯೋವಾಗ ಎರಡು ಮೂರು ವಿಷಯ ನೆನಪಿಟ್ಕೊಂಡ್ರೆ ಸಾಕು. ಕ್ವಿಟ್‌ಗೆ ಭೂತಕಾಲದಲ್ಲೂ ಕ್ವಿಟ್ಟೇ, ಇವತ್ತು ಕ್ವಿಟ್, ನಿನ್ನೆಯೂ ಕ್ವಿಟ್. ಕ್ವಿಟೆಡ್ ಅನ್ನೋದು ಹಳೇ ಬ್ರಿಟಿಷ್ ಬರಹದಲ್ಲಿ ಸಿಗುತ್ತೆ, ತಪ್ಪೇನಲ್ಲ, ಆದ್ರೆ ಈಗ ಯಾರೂ ಹೆಚ್ಚು ಬರೆಯಲ್ಲ. ನಮ್ಮಲ್ಲಿ "ಕ್ವಿಟ್ ಫ್ರಮ್ ದ ಜಾಬ್" ಅಂತ ಬರೆಯೋ ರೂಢಿ ಇದೆ, ಕೆಲಸದಿಂದ ಅನ್ನೋ ಕನ್ನಡ ತಲೇಲಿ ಇರೋದ್ರಿಂದ. ಅಲ್ಲಿ ಫ್ರಮ್ ಬೇಡ, "ಕ್ವಿಟ್ ದ ಜಾಬ್" ಅಷ್ಟೇ. ಅಭ್ಯಾಸದ ಬಗ್ಗೆ ಹೇಳೋವಾಗ "ಕ್ವಿಟ್ ಸ್ಮೋಕಿಂಗ್", "ಕ್ವಿಟ್ ಟು ಸ್ಮೋಕ್" ಅಂದ್ರೆ ಸೇದೋಕೋಸ್ಕರ ಕೆಲಸ ಬಿಟ್ಟ ಅನ್ನೋ ಹಾಗೆ ಆಗುತ್ತೆ.

ಕಂಪ್ಯೂಟರಲ್ಲಿ ಮ್ಯಾಕ್ ಬಳಸೋರಿಗೆ ಒಂದು ಗೊಂದಲ ಇರುತ್ತೆ, ಕೆಂಪು ಬಟನ್ ಒತ್ತಿದ್ರೂ ಎಷ್ಟೋ ಪ್ರೋಗ್ರಾಮು ಒಳಗೆ ಓಡ್ತಾನೇ ಇರುತ್ತೆ. ಅದು ಕಿಟಕಿ ಕ್ಲೋಸ್ ಮಾಡೋದು ಅಷ್ಟೇ, ಪ್ರೋಗ್ರಾಮನ್ನೇ ನಿಲ್ಲಿಸೋಕೆ ಕಮಾಂಡ್ ಮತ್ತು ಕ್ಯೂ ಒಟ್ಟಿಗೆ ಒತ್ತಬೇಕು, ಆ ಕ್ಯೂ ಕ್ವಿಟ್‌ನದ್ದು. ಸಾಫ್ಟ್‌ವೇರ್ ಹುಡುಗರು ಬಳಸೋ ವಿಮ್ ಅನ್ನೋ ಎಡಿಟರ್‌ನಲ್ಲಂತೂ ಹೊರಗೆ ಬರೋದು ಹೇಗೆ ಅನ್ನೋದೇ ದೊಡ್ಡ ತಮಾಷೆಯ ವಿಷಯ. ಕೋಲನ್ ಹಾಕಿ ಕ್ಯೂ ಅಂತ ಹೊಡೆದ್ರೆ ಕ್ವಿಟ್ ಆಗಬೇಕು, ಆದ್ರೆ ಫೈಲ್‌ನಲ್ಲಿ ಮಾಡಿದ ಬದಲಾವಣೆ ಸೇವ್ ಆಗದೇ ಬಾಕಿ ಇದ್ರೆ ಅದು ಬಿಡಲ್ಲ, ಕೊನೇ ಬದಲಾವಣೆ ಇನ್ನೂ ಬರೆದಿಲ್ಲ ಅಂತ ಎರರ್ ಕೊಟ್ಟು ಅಲ್ಲೇ ನಿಲ್ಲಿಸುತ್ತೆ. ಸೇವ್ ಮಾಡಿ ಹೊರಡೋಕೆ ಡಬ್ಲ್ಯೂ ಕ್ಯೂ. ಬಾಕಿ ಹಾಳಾಗಿ ಹೋಗ್ಲಿ ಅಂತ ಎದ್ದು ಬರೋಕೆ ಕ್ಯೂ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ.